ತಮಿಳು ಬರದಿದ್ದರೂ ಆ ಹಳ್ಳಿ ಹಾಡು ಯಾಕೆ ಹಿಡಿಸುತ್ತದೆ?

ಪ್ರಶ್ನೆ: ನನಗೆ ತಮಿಳು ಅಷ್ಟಕ್ಕಷ್ಟೇ. ಆದರೂ ಅಲ್ಲಿನ ಹಳ್ಳಿ ಹಾಡು ಕಿವಿಗೆ ಬಿದ್ದರೆ ಮಾಡುತ್ತಿದ್ದ ಕೆಲಸ ನಿಂತುಬಿಡುತ್ತದೆ. ಅಂಥದ್ದೇನಿದೆ ಅದರಲ್ಲಿ?

ಉತ್ತರ: ತಮಾಷೆ ನೋಡಿ, ಆ ಹಾಡುಗಳಲ್ಲಿ ಎಷ್ಟೋ ಹುಟ್ಟಿದ್ದೇ ಕೆಲಸ ನಿಲ್ಲದಿರಲಿ ಅಂತ.

ಏತದ ಹಾಡನ್ನೇ ತಗೊಳ್ಳಿ. ತಮಿಳಿನಲ್ಲಿ ಅದು ಏಟ್ರಪ್ಪಾಟ್ಟು. ಬಾವಿಯ ಪಕ್ಕ ಒಂದು ಕಂಬ, ಅದರ ಮೇಲೆ ಅಡ್ಡಲಾಗಿ ಉದ್ದನೆಯ ಮರ, ಮರದ ಒಂದು ತುದಿಗೆ ನೀರೆತ್ತುವ ಬಾನಿ. ಮೇಲಿನವನು ಆ ಮರದ ಮೇಲೆ ಹಿಂದಕ್ಕೂ ಮುಂದಕ್ಕೂ ನಡೆಯುತ್ತಾನೆ. ಅವನ ಭಾರಕ್ಕೆ ಮರ ಏರಿಳಿಯುತ್ತದೆ. ಕೆಳಗಿನವನು ಮೇಲೆ ಬಂದ ನೀರನ್ನು ಕಾಲುವೆಗೆ ಸುರಿಯುತ್ತಾನೆ. ಅವನ ಹೆಜ್ಜೆಗೂ ಇವನ ಕೈಗೂ ತಾಳ ತಪ್ಪಬಾರದು. ಅದಕ್ಕೇ ಹಾಡು. ಎಷ್ಟು ಸಲ ನೀರು ಎತ್ತಿದರು ಅನ್ನುವ ಲೆಕ್ಕವೂ ಹಾಡಿನೊಳಗೇ ಸೇರಿಕೊಂಡಿರುತ್ತದೆ.

ಇದರ ಬಗ್ಗೆ ತಮಿಳರು ಹೇಳುವ ಒಂದು ಕತೆ ಇದೆ. ತಮಿಳು ರಾಮಾಯಣ ಬರೆದ ಕವಿ ಕಂಬನ್ ದಾರಿಯಲ್ಲಿ ಹೋಗುತ್ತಿದ್ದಾಗ ಏತದವನೊಬ್ಬ ‘ಮೂಂಗಿಲ್ ಇಲೈ ಮೇಲೇ ತೂಂಗುಂ ಪನಿನೀರೇ’ ಎಂದು ಹಾಡಿದ. ಬಿದಿರೆಲೆಯ ಮೇಲೆ ತೂಗುವ ಇಬ್ಬನಿಯೇ ಅಂತ. ಅಷ್ಟಕ್ಕೆ ಅವತ್ತಿನ ಕೆಲಸ ಮುಗಿಸಿ ಹೊರಟೇಹೋದ. ಮುಂದಿನ ಸಾಲು ಏನಿರಬಹುದು? ಕವಿಗೆ ರಾತ್ರಿಯಿಡೀ ಅದೇ ಯೋಚನೆ. ಮಾರನೇ ದಿನ ಮತ್ತೆ ಬಂದು ಕಾದು ನಿಂತ. ಆಗ ಬಂತು: ‘ತೂಂಗುಂ ಪನಿನೀರೈ ವಾಂಗುಂ ಕದಿರೋನೇ’. ಆ ಇಬ್ಬನಿಯನ್ನು ಎಳೆದುಕೊಳ್ಳುವ ಸೂರ್ಯನೇ!

ಇದು ಕಟ್ಟಿದ ಕತೆಯೇ ಇರಲಿ, ನಿಮ್ಮ ಪ್ರಶ್ನೆಗೆ ಉತ್ತರ ಅದರಲ್ಲೇ ಇದೆ. ಮೂಂಗಿಲ್, ತೂಂಗುಂ, ವಾಂಗುಂ: ಎರಡನೇ ಅಕ್ಷರ ಹೇಗೆ ತಿರುತಿರುಗಿ ಬರುತ್ತದೆ ನೋಡಿ. ನಮ್ಮ ಹಳಗನ್ನಡ ಕವಿಗಳ ಆದಿಪ್ರಾಸವೂ ಇದೇ ಅಲ್ವಾ? ಇನ್ನು ಒಂದು ಸಾಲಿನ ಬಾಲ ಮುಂದಿನ ಸಾಲಿನ ತಲೆಯಾಗುತ್ತದೆ, ಇಳಿದ ಏತ ಮತ್ತೆ ಏರಿದ ಹಾಗೆ. ಪದಗಳನ್ನೂ ಗಮನಿಸಿ. ಇಲೈ ನಮ್ಮ ಎಲೆ, ಪನಿ ನಮ್ಮ ಹನಿ, ಕಿರಣ ಅನ್ನುವ ಅರ್ಥದ ಕದಿರು ನಮ್ಮಲ್ಲೂ ಕದಿರೇ. ತೂಂಗು ಅಂದರೆ ತೂಗುವುದೂ ಹೌದು, ನಿದ್ದೆ ಮಾಡುವುದೂ ಹೌದು. ನಮ್ಮಲ್ಲೂ ತೂಕಡಿಸುತ್ತೇವಲ್ಲ! ತಮಿಳು ಬರಲ್ಲ ಅಂತೀರಿ, ಆದರೆ ನಿಮ್ಮ ಕಿವಿಗೆ ಅರ್ಧ ಗೊತ್ತು.

ಸಿನಿಮಾದಲ್ಲಿ ಕೇಳುವುದು ಇದೇನಾ? ಸ್ವಲ್ಪ ಮಟ್ಟಿಗೆ. ಪಣ್ಣೈಪುರದ ಇಳಯರಾಜಾ 1976ರಲ್ಲಿ ‘ಅನ್ನಕ್ಕಿಳಿ’ ಚಿತ್ರದಿಂದ ಈ ಧಾಟಿಯನ್ನು ಮನೆಮನೆಗೆ ಮುಟ್ಟಿಸಿದರು. ಆದರೆ ಸಿನಿಮಾ ಹಾಡು ನಾಲ್ಕೈದು ನಿಮಿಷಕ್ಕೆ ಮುಗಿಯಬೇಕು. ಏತದ ಹಾಡು ಮುಗಿಯಲು ಗದ್ದೆ ತುಂಬಬೇಕು.

ಹೆಂಗಸರ ಹಾಡಿನ ರುಚಿ ಬೇರೆ. ಜೋಗುಳಕ್ಕೆ ತಾಲಾಟ್ಟು ಅಂತಾರೆ. ತಾಲ್ ಅಂದರೆ ನಾಲಿಗೆ, ಆಟ್ಟು ಅಂದರೆ ಆಡಿಸು. ‘ಆರಾರೋ ಆರಿರರೋ’ ಅಂತ ನಾಲಿಗೆ ಆಡಿಸದೆ ಹೇಳಿ ನೋಡಿ, ಆಗಲ್ಲ. ಸಾವಿನ ಮನೆಯಲ್ಲಿ ಹಾಡುವುದು ಒಪ್ಪಾರಿ. ಬದುಕಿರುವವರ ಮುಂದೆ ಬಾಯಿಬಿಡಲಾಗದ ದೂರನ್ನು ಹೆಂಗಸು ಅಲ್ಲಿ ಹಾಡಿ ಹೇಳಬಹುದು, ಯಾರೂ ತಡೆಯುವುದಿಲ್ಲ. ಜೋಗುಳದಲ್ಲೂ ಸುಮ್ನೆ ಮಗುವನ್ನು ಮಲಗಿಸುವುದಷ್ಟೇ ನಡೆಯುವುದಿಲ್ಲ. ಮುಂದಿನ ಸಲ ಕೇಳುವಾಗ ‘ಮಾಮನ್’ ಅನ್ನುವ ಪದಕ್ಕೆ ಕಿವಿ ಕೊಡಿ. ಮಗುವಿನ ಸೋದರಮಾವ ಏನೇನು ತಂದ ಅಂತ ತಾಯಿ ಪಟ್ಟಿ ಹಾಡುತ್ತಿರುತ್ತಾಳೆ. ಹಾಡು ಮಗುವಿಗೆ, ಮಾತು ತವರಿಗೆ.