ಮೂಳೆ ಅಂದರೆ ಸುಣ್ಣ ಅಲ್ಲ

ಕಳೆದ ಬೇಸಿಗೆಯಲ್ಲಿ ಶಿರಸಿ ಹತ್ತಿರ ನೆಂಟರ ಅಡಿಕೆ ತೋಟದಲ್ಲಿ ಬಸಿಗಾಲುವೆ ತೆಗೆಯುವಾಗ ಒಂದು ಮೂಳೆ ಸಿಕ್ಕಿತು. ಗೇಣುದ್ದ, ಒಂದು ತುದಿ ಕಪ್ಪು. ಅಲ್ಲಿಗೆ ಕೆಲಸ ನಿಂತಿತು. ಯಾರೋ ಮಾಟ ಮಾಡಿಸಿ ಹೂತಿದ್ದಾರೆ ಅಂದರು. ಪ್ರಶ್ನೆ ಕೇಳಿದರು, ಶಾಂತಿ ಮಾಡಿಸಿದರು, ಮೂಳೆಯನ್ನು ಹೊಳೆಗೆ ಬಿಟ್ಟರು. ಖರ್ಚಾದ ದುಡ್ಡಿನ ಮಾತು ಬಿಡಿ, ನನಗೆ ಸಂಕಟ ಆದದ್ದು ಆ ಮೂಳೆ ಹೋಯಿತಲ್ಲ ಅಂತ. ಎಲ್ಲರನ್ನೂ ಕೇಳಿದರು, ಮೂಳೆಯನ್ನು ಮಾತ್ರ ಯಾರೂ ಕೇಳಲಿಲ್ಲ.

ಮೂಳೆಯನ್ನು ಕೇಳುವುದು ಹೇಗೆ? ಅದರ ಮೇಲೆ ಬೆಳಕು ಬಿಟ್ಟು. ಅದಕ್ಕೂ ಮೊದಲು ಒಂದು ತಪ್ಪು ತಿಳಿವಳಿಕೆ ಕಳೆಯಬೇಕು. ನಮ್ಮಲ್ಲಿ "ಮೂಳೆ ಅಂದ್ರೆ ಸುಣ್ಣ" ಅಂತ ಎಲ್ಲರೂ ಹೇಳುತ್ತಾರೆ. ಅಲ್ಲ. ಅಘನಾಶಿನಿಯ ಬಳಚಿನ ಚಿಪ್ಪು ಸುಟ್ಟರೆ ಸುಣ್ಣ ಸಿಗುತ್ತದೆ, ಯಾಕೆಂದರೆ ಚಿಪ್ಪು ಕ್ಯಾಲ್ಸಿಯಂ ಕಾರ್ಬೊನೇಟ್. ಕಾರವಾರದ ಕಡಲ ದಂಡೆಯಲ್ಲಿ ಬೆಳ್ಳಗೆ ಬಿದ್ದಿರುವ, ಗಿಳಿ ಸಾಕುವವರು ಪಂಜರಕ್ಕೆ ಸಿಕ್ಕಿಸುವ ಕಡಲ ನೊರೆ (ಕಟ್ಲ್‌ಫಿಶ್ ಎಂಬ ಕಡಲ ಜೀವಿಯ ಒಳಚಿಪ್ಪು) ಕೂಡ ಅದೇ. ಮೂಳೆಯ ಹಾಗೆ ಕಂಡರೂ ಅದು ಮೂಳೆಯೇ ಅಲ್ಲ. ಅದರ ಮೇಲೆ ಲಿಂಬೆ ರಸ ಹಿಂಡಿ, ಬುರುಗು ಬರುತ್ತದೆ. ಕೋಳಿ ಮೂಳೆ ಮೇಲೆ ಹಿಂಡಿ ನೋಡಿ, ಅಂಥ ಬುರುಗು ಬರುವುದಿಲ್ಲ. ಅದನ್ನೇ ವಿನೆಗರಿನಲ್ಲಿ ಕೆಲವು ದಿನ ಇಟ್ಟರೆ ಖನಿಜ ಕರಗಿ ಹೋಗಿ ರಬ್ಬರಿನ ಹಾಗೆ ಬಾಗುತ್ತದೆ. ಉಳಿದದ್ದು ಕೊಲಾಜೆನ್ ಎಂಬ ನಾರು. ಕರಗಿ ಹೋದದ್ದು ಕ್ಯಾಲ್ಸಿಯಂ ಫಾಸ್ಫೇಟ್.

ಮೂಳೆಯಲ್ಲಿ ರಂಜಕ ಇದೆ ಅಂತ ಸ್ವೀಡನ್ನಿನ ಗಾನ್ ಕಂಡುಕೊಂಡದ್ದು 1769ರಲ್ಲಿ. ಅದಕ್ಕೆ ನೂರು ವರ್ಷ ಮೊದಲು ಹ್ಯಾಂಬರ್ಗಿನ ಬ್ರಾಂಟ್ ಮೂತ್ರ ಕಾಯಿಸಿ ಕಾಯಿಸಿ ರಂಜಕ ತೆಗೆದಿದ್ದ. ಮೂಳೆಯ ಖನಿಜದ ಬಳಗಕ್ಕೆ ಅಪಟೈಟ್ ಅಂತ ಹೆಸರು. ಗ್ರೀಕ್ ಭಾಷೆಯಲ್ಲಿ ಮೋಸ ಮಾಡು ಎಂಬರ್ಥದ ಮಾತಿನಿಂದ ಬಂದದ್ದು, ಯಾಕೆಂದರೆ ಈ ಕಲ್ಲನ್ನು ಬೇರೆ ಹರಳುಗಳೆಂದು ಜನ ಮೋಸ ಹೋಗುತ್ತಿದ್ದರು.

ಈಗ ಬೆಳಕು. 1921ರಲ್ಲಿ ಯುರೋಪಿನಿಂದ ಹಡಗಿನಲ್ಲಿ ಬರುತ್ತಿದ್ದ ಸಿ.ವಿ. ರಾಮನ್ ಮೆಡಿಟರೇನಿಯನ್ ಸಮುದ್ರ ಯಾಕೆ ಅಷ್ಟು ನೀಲಿ ಅಂತ ತಲೆ ಕೆಡಿಸಿಕೊಂಡರು. ಕಾರವಾರದಲ್ಲಿ ಡಿಸೆಂಬರ್ ತಿಂಗಳಲ್ಲಿ ನಿಂತವರಿಗೂ ಬರಬಹುದಾದ ಪ್ರಶ್ನೆ. ಆ ಪ್ರಶ್ನೆಯ ಬೆನ್ನು ಹತ್ತಿ ಹೋದವರಿಗೆ 1928ರ ಫೆಬ್ರವರಿ 28ರಂದು ರಾಮನ್ ಪರಿಣಾಮ ಸಿಕ್ಕಿತು.

ಅದು ಹೀಗೆ. ನೂರು ರೂಪಾಯಿ ಕೊಟ್ಟು ಹುಡುಗನನ್ನು ಪೇಟೆಗೆ ಕಳಿಸುತ್ತೀರಿ. ಬಂದಾಗ ಅವನ ಕೈಲಿ 92.50 ಇದೆ. ಅವನು ಬಾಯಿ ಬಿಡದಿದ್ದರೂ 7.50 ಯಾವ ಅಂಗಡಿಯಲ್ಲಿ ಹೋಯಿತು ಅಂತ ನಿಮಗೆ ಗೊತ್ತಾಗುತ್ತದೆ, ಆ ಬೆಲೆಯ ತಿಂಡಿ ಒಂದೇ ಕಡೆ ಸಿಗುವುದಾದರೆ. ಲೇಸರ್ ಬೆಳಕಿನ ಕಣ ಮೂಳೆಗೆ ಬಿದ್ದಾಗಲೂ ಹಾಗೇ. ಹೆಚ್ಚಿನವು ಪೂರ್ತಿ ದುಡ್ಡು ಹಿಡಿದು ವಾಪಸ್ ಬರುತ್ತವೆ. ಎಲ್ಲೋ ಕೋಟಿಗೊಂದು ಖರ್ಚು ಮಾಡಿ ಬರುತ್ತದೆ. ಎಲ್ಲಿ ಖರ್ಚು? ಅಣುಗಳನ್ನು ಕುಣಿಸುವುದಕ್ಕೆ. ಫಾಸ್ಫೇಟಿನಲ್ಲಿ ನಡುವೆ ರಂಜಕ, ಸುತ್ತ ನಾಲ್ಕು ಆಮ್ಲಜನಕ. ಆ ನಾಲ್ಕೂ ಒಟ್ಟಿಗೆ ಉಬ್ಬಿ ಇಳಿಯುತ್ತವೆ, ಸೆಕೆಂಡಿಗೆ ಸುಮಾರು 29 ಲಕ್ಷ ಕೋಟಿ ಸಲ. 785 ನ್ಯಾನೊಮೀಟರ್ ಲೇಸರಿನ ಶಕ್ತಿಯನ್ನು ನೂರು ರೂಪಾಯಿ ಅಂತ ಇಟ್ಟುಕೊಂಡರೆ ಈ ಕುಣಿತದ ಬೆಲೆ ಸುಮಾರು 7.50. ಕೊಲಾಜೆನ್ ನಾರಿನ ಒಂದು ಮುಖ್ಯ ಕುಣಿತಕ್ಕೆ 13. ವಾಪಸ್ ಬಂದ ಬೆಳಕನ್ನು ಈ ಬೆಲೆಯ ಪ್ರಕಾರ ವಿಂಗಡಿಸಿ ನಕ್ಷೆ ಬರೆದರೆ ಒಂದೊಂದು ಕುಣಿತಕ್ಕೂ ಒಂದೊಂದು ಗೆರೆ ಏಳುತ್ತದೆ. ಯಕ್ಷಗಾನದ ಮದ್ದಳೆಯನ್ನು ಕಣ್ಣು ಮುಚ್ಚಿ ಕೇಳಿದರೂ ಅದು ಚಂಡೆ ಅಲ್ಲ ಅಂತ ತಿಳಿಯುತ್ತದಲ್ಲ, ಹಾಗೆ. ಮದ್ದಳೆಯ ಶ್ರುತಿ ಚೂರು ಇಳಿದರೂ ಭಾಗವತರಿಗೆ ಗೊತ್ತಾಗುತ್ತದೆ, ಇಲ್ಲೂ ಅಷ್ಟೇ ಸೂಕ್ಷ್ಮ.

ಎಷ್ಟು ಸೂಕ್ಷ್ಮ ಅಂದರೆ, ಮೂಳೆಯಲ್ಲೂ ಸ್ವಲ್ಪ ಕಾರ್ಬೊನೇಟ್ ಇದೆ, ಖನಿಜದ ನೂರರಲ್ಲಿ 5ರಿಂದ 8 ಪಾಲು. ಕಡಲ ನೊರೆಯಲ್ಲಿ ಅದರ ಬೆಲೆ ಸುಮಾರು 8.50, ಮೂಳೆಯಲ್ಲಿ 8.40. ಅದೇ ಕಾರ್ಬೊನೇಟ್, ಹತ್ತು ಪೈಸೆ ಕಮ್ಮಿ! ಯಾಕೆಂದರೆ ಮೂಳೆಯಲ್ಲಿ ಅದು ಫಾಸ್ಫೇಟಿನ ಜಾಗದಲ್ಲಿ ಇಕ್ಕಟ್ಟಾಗಿ ಕೂತಿದೆ. ಚಪ್ಪಟೆ ಆಕಾರದ್ದು, ಆ ಜಾಗಕ್ಕೆ ಸರಿ ಹೊಂದುವುದಿಲ್ಲ. ಅದರಿಂದ ಹರಳು ಸೊಟ್ಟಗಾಗುತ್ತದೆ, ದೊಡ್ಡದಾಗಿ ಬೆಳೆಯುವುದಿಲ್ಲ, ಆಮ್ಲಕ್ಕೆ ಬೇಗ ಕರಗುತ್ತದೆ. ಇದು ದೋಷ ಅಲ್ಲ, ದೇಹಕ್ಕೆ ಬೇಕಾದದ್ದೇ ಇದು. ಮೂಳೆಯನ್ನು ದಿನವೂ ಅಷ್ಟಿಷ್ಟು ಕರಗಿಸಿ ಮತ್ತೆ ಕಟ್ಟಬೇಕಲ್ಲ. ಊರ ಕೋಳಿ ರಾತ್ರಿ ಮೊಟ್ಟೆಯ ಚಿಪ್ಪು ಕಟ್ಟುವಾಗ ತನ್ನ ಮೂಳೆಯಿಂದಲೇ ಕ್ಯಾಲ್ಸಿಯಂ ತೆಗೆಯುತ್ತದೆ.

ಪ್ರಾಣಿಯ ಕೆಲಸ ಹೇಗೋ ಮೂಳೆಯೂ ಹಾಗೆ. ಇಂಗ್ಲೆಂಡಿನ ಜಾನ್ ಕರ್ರಿ 1979ರಲ್ಲಿ ಮೂರನ್ನು ಹೋಲಿಸಿದರು. ಕೆಂಪು ಜಿಂಕೆಯ ಕವಲುಕೊಂಬಿನಲ್ಲಿ ಖನಿಜ ನೂರಕ್ಕೆ 59, ಹಸುವಿನ ತೊಡೆ ಮೂಳೆಯಲ್ಲಿ 67, ಫಿನ್ ತಿಮಿಂಗಿಲದ ಕಿವಿ ಮೂಳೆಯಲ್ಲಿ 86. ಗುದ್ದಾಡುವ ಕೊಂಬು ಒಡೆಯಬಾರದು, ಹಾಗಾಗಿ ಅದರಲ್ಲಿ ನಾರು ಜಾಸ್ತಿ. ಕಿವಿ ಮೂಳೆ ಶಬ್ದ ಹಿಡಿಯಬೇಕು, ಏಟು ತಿನ್ನಬೇಕಿಲ್ಲ, ಗಟ್ಟಿಯಾಗಿದ್ದರೆ ಸಾಕು. ಅವರು ಅಳೆದದ್ದು ಬೇರೆ ವಿಧಾನದಲ್ಲಿ. ಇವತ್ತು 7.50ರ ಗೆರೆ ಮತ್ತು 13ರ ಗೆರೆಯ ಎತ್ತರ ಹೋಲಿಸಿ, ಮೂಳೆಯನ್ನು ಪುಡಿ ಮಾಡದೆ ಇದರ ಅಂದಾಜು ಸಿಗುತ್ತದೆ.

ನೆಂಟರ ತೋಟದ ಮೂಳೆಗೆ ಬರುತ್ತೇನೆ. ತುದಿ ಕಪ್ಪು ಅಂದೆನಲ್ಲ. ಬೆಂಕಿಯಿಂದ ಆದ ಕಪ್ಪಾದರೆ ಅದು ಕರಕಲಾದ ಕೊಲಾಜೆನ್, ಅಷ್ಟಕ್ಕೆ 300-400 ಡಿಗ್ರಿ ಸಾಕು. ದರಕಿನ ರಾಶಿಗೆ ಹಚ್ಚಿದ ಬೆಂಕಿ ಸಾಕು. ಆಗ 13ರ ಗೆರೆ ಮಾಯ ಆಗುತ್ತದೆ. ಇನ್ನೂ ಸುಟ್ಟು 700 ಡಿಗ್ರಿ ದಾಟಿದರೆ ಮೂಳೆ ಬೆಳ್ಳಗಾಗುತ್ತದೆ, ಕಾರ್ಬೊನೇಟ್ ಹೊರಟುಹೋಗಿ ಹರಳು ದೊಡ್ಡದಾಗುತ್ತದೆ, 7.50ರ ಗೆರೆ ಸೂಜಿಯ ಹಾಗೆ ಚೂಪಾಗುತ್ತದೆ. ನಮ್ಮ ಹುಳಿ ಮಣ್ಣು, ಈ ಮಳೆ, ಎರಡೂ ಸೇರಿ ಮೂಳೆಯನ್ನು ಕರಗಿಸುತ್ತಲೇ ಇರುತ್ತವೆ. ಹಾಗಾಗಿ ಬಹಳ ಹಿಂದಿನದ್ದು ಅನ್ನುವ ಮಾತನ್ನೂ ಸುಲಭಕ್ಕೆ ನಂಬಬಾರದು. ಹಸುವಿನದೋ ಹಂದಿಯದೋ ಅಂತ ಖನಿಜ ಒಂದರಿಂದಲೇ ಹೇಳಲಾಗದು, ಎಲ್ಲರದ್ದೂ ಅದೇ ಅಪಟೈಟ್. ಅದಕ್ಕೆ ಮೂಳೆಯ ಆಕಾರ, ಪ್ರೋಟೀನು, ಡಿಎನ್‌ಎ ನೋಡಬೇಕು. ಮನುಷ್ಯರದ್ದು ಅನ್ನುವ ಅನುಮಾನ ಇದ್ದರಂತೂ ಮುಟ್ಟದೆ ಪೊಲೀಸರಿಗೆ ಹೇಳಬೇಕು, ಹೊಳೆಗೆ ಬಿಡುವುದಲ್ಲ.

ಈ ವರ್ಷ ಬಸಿಗಾಲುವೆ ತೆಗೆಯುವವರಿಗೆ ಮೊದಲೇ ಹೇಳಿಟ್ಟಿದ್ದೇನೆ. ದನದ್ದೋ ಕಾಡುಹಂದಿಯದೋ ಮೂಳೆ ಸಿಕ್ಕರೆ ತೊಳೆಯಬೇಡಿ, ಕಾಗದದಲ್ಲಿ ಸುತ್ತಿ ಕೊಟ್ಟಿಗೆಯ ಅಟ್ಟದ ಮೇಲೆ ಇಡಿ, ನಾನು ಬಂದು ತಗೊಂಡು ಹೋಗ್ತೇನೆ.