ಯಾವ ಜಾಗಕ್ಕೆ ಯಾವ ಜೆಲ್? ಹಯಲುರಾನಿಕ್ ಆಮ್ಲದ ಫಿಲ್ಲರ್ ಆಯ್ಕೆ: ಅಧ್ಯಯನ ಟಿಪ್ಪಣಿ

ಮುಖದ ಗುಳಿ, ಗೆರೆಗಳನ್ನು ತುಂಬಲು ಚರ್ಮದೊಳಗೆ ಚುಚ್ಚುವ ಜೆಲ್ಲೇ ಫಿಲ್ಲರ್. ಅದರ ತಯಾರಕರು ಹಂಚುವ ಚಾರ್ಟುಗಳಲ್ಲಿ ಒಂದು ಮುಖದ ಚಿತ್ರವಿರುತ್ತದೆ. ಕೆನ್ನೆಗೊಂದು ಬಾಣ, ತುಟಿಗೊಂದು ಬಾಣ, ಪ್ರತಿ ಬಾಣದ ತುದಿಯಲ್ಲಿ ಒಂದು ಸಿರಿಂಜಿನ ಹೆಸರು. ಪರೀಕ್ಷೆಗೆ ಓದುವವರು ಅದನ್ನೇ ಬಾಯಿಪಾಠ ಮಾಡಿಬಿಡುತ್ತಾರೆ. ಹಾಸನದಲ್ಲಿ ಚರ್ಮಶಾಸ್ತ್ರ ಓದುತ್ತಿರುವ ನಮ್ಮ ಗುಂಪಿಗಾಗಿ ಬರೆಯುತ್ತಿರುವ ಈ ಟಿಪ್ಪಣಿಯಲ್ಲಿ ಆ ಚಾರ್ಟನ್ನು ಬೇಕೆಂದೇ ಬದಿಗಿಟ್ಟಿದ್ದೇನೆ. ಮಾರುಕಟ್ಟೆಗೆ ಹೊಸ ಹೆಸರುಗಳು ಬರುತ್ತಲೇ ಇರುತ್ತವೆ. ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಮಾತ್ರ ಬದಲಾಗುವುದಿಲ್ಲ. ಜೆಲ್ ಯಾವ ಪದರದಲ್ಲಿ ಕೂರಬೇಕು? ಅಲ್ಲಿ ಅದರ ಮೇಲೆ ಎಂಥ ಒತ್ತಡ ಬೀಳುತ್ತದೆ? ಎಡವಟ್ಟಾದರೆ ಎಷ್ಟು ಬೇಗ ಕರಗಿಸಬಲ್ಲೆವು? ಕೊನೆಯ ಪ್ರಶ್ನೆ ನಮ್ಮಂಥ ಜಿಲ್ಲಾ ಕೇಂದ್ರಗಳಲ್ಲಿ ಕೆಲಸ ಮಾಡುವವರಿಗೆ ಎಲ್ಲಕ್ಕಿಂತ ದೊಡ್ಡದು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಮೊದಲು ವಸ್ತುವಿನ ಪರಿಚಯ. 1934ರಲ್ಲಿ ಕಾರ್ಲ್ ಮೇಯರ್ ಮತ್ತು ಜಾನ್ ಪಾಮರ್ ದನದ ಕಣ್ಣಿನೊಳಗಿನ ಲೋಳೆಯಿಂದ ಹಯಲುರಾನಿಕ್ ಆಮ್ಲವನ್ನು ಬೇರ್ಪಡಿಸಿದರು. ಗ್ಲುಕುರಾನಿಕ್ ಆಮ್ಲ ಮತ್ತು ಎನ್-ಅಸಿಟೈಲ್ ಗ್ಲುಕೋಸಮೈನ್ ಎಂಬ ಎರಡು ಘಟಕಗಳು ಜೋಡಿಜೋಡಿಯಾಗಿ ಪೋಣಿಸಿಕೊಂಡ ಉದ್ದನೆಯ ಸರ ಅದು. ಪ್ರಾಣಿಯಿಂದ ಪ್ರಾಣಿಗೆ ಅದರ ರಚನೆ ಬದಲಾಗುವುದಿಲ್ಲ. ಹಾಗಾಗಿ ದನದ ಕೊಲಾಜನ್ ಫಿಲ್ಲರುಗಳ ಕಾಲದಲ್ಲಿ ಮಾಡುತ್ತಿದ್ದ ಮುಂಗಡ ಅಲರ್ಜಿ ಪರೀಕ್ಷೆ ಇಲ್ಲಿ ಬೇಕಾಗುವುದಿಲ್ಲ. ಆದರೆ ಚರ್ಮದಲ್ಲಿರುವ ಸಹಜ ಹಯಲುರಾನಿಕ್ ಆಮ್ಲ ಒಂದೆರಡು ದಿನಗಳಲ್ಲೇ ಒಡೆದುಹೋಗುತ್ತದೆ. ಅದು ತಿಂಗಳುಗಟ್ಟಲೆ ಉಳಿಯಬೇಕಾದರೆ ಸರಗಳನ್ನು ಒಂದಕ್ಕೊಂದು ಹೆಣೆಯಬೇಕು. ಈ ಹೆಣಿಗೆಯೇ ಕ್ರಾಸ್‌ಲಿಂಕಿಂಗ್. ಬಹುಪಾಲು ಫಿಲ್ಲರುಗಳಲ್ಲಿ ಇದಕ್ಕೆ ಬಳಸುವ ರಾಸಾಯನಿಕ ಬಿಡಿಡಿಇ. 2003ರ ಡಿಸೆಂಬರಿನಲ್ಲಿ ರೆಸ್ಟಿಲೇನ್ ಎಂಬ ಫಿಲ್ಲರ್ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎಯ ಒಪ್ಪಿಗೆ ಪಡೆಯಿತು. ಅಲ್ಲಿಂದೀಚೆಗೆ ಬಂದ ಜುವೆಡರ್ಮ್, ಬೆಲೊಟೆರೊ ಮುಂತಾದ ಸರಣಿಗಳಲ್ಲೂ ಮೂಲ ಅಣು ಅದೇ. ವ್ಯತ್ಯಾಸವಿರುವುದು ಸಾಂದ್ರತೆಯಲ್ಲಿ, ಹೆಣಿಗೆಯ ಬಗೆಯಲ್ಲಿ, ಸರಗಳ ಉದ್ದದಲ್ಲಿ.

ಸಕಲೇಶಪುರದ ಕಡೆಯವರಿಗೆ ಹಲಸಿನಲ್ಲಿ ಬಕ್ಕೆ, ಅಂಬಲಿ ಎರಡೂ ಗೊತ್ತು. ಎರಡೂ ಹಲಸೇ, ಬಕ್ಕೆಯ ತೊಳೆ ಒತ್ತಿದರೆ ಮತ್ತೆ ತನ್ನ ಆಕಾರಕ್ಕೆ ಬರುತ್ತದೆ, ಅಂಬಲಿಯ ತೊಳೆ ಬೆರಳಿನ ಸಂದಿಯಲ್ಲಿ ಜಾರಿಹೋಗುತ್ತದೆ. ಫಿಲ್ಲರ್ ಜೆಲ್‌ಗಳ ನಡುವಿನ ವ್ಯತ್ಯಾಸವೂ ಇಂಥದ್ದೇ. ಒತ್ತಿದಾಗ ಆಕಾರ ಬಿಟ್ಟುಕೊಡದ ಗುಣವನ್ನು ಜಿ ಪ್ರೈಮ್ ಎಂಬ ಅಳತೆಯಿಂದ ಸೂಚಿಸುತ್ತಾರೆ. ಜಿ ಪ್ರೈಮ್ ಹೆಚ್ಚಿದ್ದರೆ ಜೆಲ್ ಗಟ್ಟಿ, ಎತ್ತಿ ಹಿಡಿಯುವ ಶಕ್ತಿ ಹೆಚ್ಚು. ಕಡಿಮೆಯಿದ್ದರೆ ಮೆದು, ಚರ್ಮದ ಚಲನೆಯೊಂದಿಗೆ ಬಾಗುತ್ತದೆ. ಎರಡನೆಯ ಗುಣ ಒಗ್ಗಟ್ಟು, ಅಂದರೆ ಸ್ನಾಯು ಹಿಂಡಿದಾಗ ಜೆಲ್ ಚೂರುಚೂರಾಗದೆ ಒಂದೇ ಮುದ್ದೆಯಾಗಿ ಉಳಿಯುವುದು. ಮೂರನೆಯದು ನೀರು ಹೀರುವ ಗುಣ. ಸಾಂದ್ರತೆ ಹೆಚ್ಚಿದ್ದು, ಸಿರಿಂಜಿನಲ್ಲೇ ನೀರಿನಿಂದ ಪೂರ್ತಿ ತಣಿಯದ ಜೆಲ್ ಒಳಗೆ ಹೋದ ಮೇಲೆ ಸುತ್ತಲಿನ ನೀರನ್ನು ಎಳೆದುಕೊಂಡು ಉಬ್ಬುತ್ತದೆ.

ಜಿ ಪ್ರೈಮ್ ಸಂಖ್ಯೆಗಳ ವಿಷಯದಲ್ಲಿ ಒಂದು ಎಚ್ಚರಿಕೆ. ಒಂದು ಕಂಪನಿ 0.1 ಹರ್ಟ್ಸ್ ಆವರ್ತನದಲ್ಲಿ ಅಳೆದರೆ ಇನ್ನೊಂದು 5 ಹರ್ಟ್ಸ್‌ನಲ್ಲಿ ಅಳೆಯುತ್ತದೆ. ಆವರ್ತನ ಬದಲಾದರೆ ಅದೇ ಜೆಲ್ ಬೇರೆಯೇ ಸಂಖ್ಯೆ ಕೊಡುತ್ತದೆ. ಎರಡು ಕಂಪನಿಗಳ ಕರಪತ್ರಗಳನ್ನು ಅಕ್ಕಪಕ್ಕ ಇಟ್ಟು ಹೋಲಿಸುವುದರಲ್ಲಿ ಅರ್ಥವಿಲ್ಲ. ಒಂದೇ ಪ್ರಯೋಗಾಲಯ ಒಂದೇ ವಿಧಾನದಲ್ಲಿ ಅಳೆದ ಅಂಕಿಗಳನ್ನು ಮಾತ್ರ ಹೋಲಿಸಿ.

ಕೆನ್ನೆ

ಓದನ್ನು ಇಲ್ಲಿಂದ ಶುರುಮಾಡುವುದು ಒಳ್ಳೆಯದು. ಮುಖದ ಕೊಬ್ಬು ಒಂದೇ ಹಾಸಾಗಿ ಹರಡಿಲ್ಲ, ಪ್ರತ್ಯೇಕ ಕೋಣೆಗಳಲ್ಲಿ ಕೂತಿದೆ ಎಂಬುದನ್ನು ರೋರಿಚ್ ಮತ್ತು ಪೆಸ್ಸಾ ಶವಗಳ ಮುಖಕ್ಕೆ ನೀಲಿ ಬಣ್ಣ ಹಾಯಿಸಿ 2007ರಲ್ಲಿ ತೋರಿಸಿದರು. ವಯಸ್ಸಾದಂತೆ ಕೆನ್ನೆಯ ಆಳದ ಕೋಣೆಗಳು ಬತ್ತುತ್ತವೆ, ಅವುಗಳ ಹಿಂದಿನ ಮೂಳೆಯೂ ಸವೆಯುತ್ತದೆ. ಆಧಾರ ಹೋದಾಗ ಮೇಲಿನ ಚರ್ಮ ಕೆಳಕ್ಕೆ ಜೋಲುತ್ತದೆ. ಮೂಗಿನ ಪಕ್ಕದಿಂದ ಬಾಯಿಯ ಕೊನೆಯವರೆಗೆ ಗೆರೆ ಬಿದ್ದಿದೆ ಎಂದು ಬರುವವರಲ್ಲಿ ಅನೇಕರ ನಿಜವಾದ ತೊಂದರೆ ಕೆನ್ನೆಯಲ್ಲಿರುತ್ತದೆ. ಕೆನ್ನೆಗೆ ಆಧಾರ ಕೊಟ್ಟರೆ ಗೆರೆ ತಾನಾಗಿ ತಿಳಿಯಾಗುತ್ತದೆ, ಕಣ್ಣಿನ ಕೆಳಗಿನ ಗುಳಿಯೂ ಸ್ವಲ್ಪ ತುಂಬುತ್ತದೆ. ಇಲ್ಲಿ ಜೆಲ್ ಮಾಡಬೇಕಾದದ್ದು ಆಳದಲ್ಲಿ, ಮೂಳೆಯ ಮೇಲೆ ಕೂತು ಭಾರ ಹೊರುವ ಕೆಲಸ. ಆದ್ದರಿಂದ ಗಟ್ಟಿ ಜೆಲ್ ಬೇಕು. ಜುವೆಡರ್ಮ್ ಸರಣಿಯ ವೊಲೂಮಾಗೆ ಎಫ್‌ಡಿಎ 2013ರಲ್ಲಿ ಒಪ್ಪಿಗೆ ಕೊಟ್ಟದ್ದು ಈ ಜಾಗಕ್ಕೆ. ಅದರಲ್ಲಿರುವ ಸಾಂದ್ರತೆ ಮಿಲಿಲೀಟರಿಗೆ 20 ಮಿಲಿಗ್ರಾಂ. ಅದೇ ಜೆಲ್ಲನ್ನು ಚರ್ಮದ ಮೇಲ್ಪದರದಲ್ಲಿ ಇಟ್ಟರೆ ಕೈಗೆ ಸಿಗುವ ಗಂಟಾಗುತ್ತದೆ, ನಕ್ಕಾಗ ಎದ್ದು ಕಾಣುತ್ತದೆ. ಜಾಗ ಒಂದೇ ಆದರೂ ಪದರ ಬದಲಾದರೆ ಉತ್ತರ ಬದಲಾಗುತ್ತದೆ. ಬಾಣದ ಚಾರ್ಟು ಹೇಳದ ಮಾತು ಇದೇ.

ಕಣ್ಣಿನ ಕೆಳಗಿನ ಗುಳಿ

ನಮ್ಮ ಜಿಲ್ಲೆಯಲ್ಲಿ ಅತಿ ಹೆಚ್ಚು ತಪ್ಪು ಬೇಡಿಕೆ ಬರುವುದು ಈ ಜಾಗಕ್ಕೆ ಎಂದು ನನಗೆ ಅನ್ನಿಸುತ್ತದೆ. ಕಣ್ಣಿನ ಕೆಳಗೆ ಕಪ್ಪಾಗಿದೆ, ಫಿಲ್ಲರ್ ಹಾಕಿ ಎಂದು ಕೇಳುತ್ತಾರೆ. ಕಪ್ಪಿಗೆ ಕಾರಣಗಳು ಹಲವು. ನಮ್ಮ ಮೈಬಣ್ಣದವರಲ್ಲಿ ಅದು ಬಹಳ ಸಲ ನಿಜವಾದ ವರ್ಣದ್ರವ್ಯ, ಮನೆತನದಲ್ಲೇ ಬಂದದ್ದು. ಕೆಲವರಲ್ಲಿ ತೆಳು ಚರ್ಮದ ಕೆಳಗಿನ ರಕ್ತನಾಳಗಳ ಛಾಯೆ, ಕೆಲವರಲ್ಲಿ ಅಲರ್ಜಿಯಿಂದ ಕಣ್ಣುಜ್ಜಿಕೊಳ್ಳುವ ಅಭ್ಯಾಸ. ಫಿಲ್ಲರ್ ತುಂಬುವುದು ಗುಳಿಯ ನೆರಳನ್ನು ಮಾತ್ರ. ಪರೀಕ್ಷೆ ಸುಲಭ: ಕೈಗನ್ನಡಿ ಕೊಟ್ಟು, ತಲೆಯ ಮೇಲಿನ ದೀಪ ಆರಿಸಿ, ಎದುರಿನಿಂದ ನೇರ ಬೆಳಕು ಬಿಡಿ. ಕಪ್ಪು ಮಾಯವಾದರೆ ಅದು ನೆರಳು. ಹಾಗೇ ಉಳಿದರೆ ಬಣ್ಣ. ಚರ್ಮವನ್ನು ಮೆಲ್ಲಗೆ ಎಳೆದಾಗಲೂ ಬಣ್ಣ ಹೋಗುವುದಿಲ್ಲ. ಬಣ್ಣದ ತೊಂದರೆಗೆ ಫಿಲ್ಲರ್ ಚುಚ್ಚುವುದು ಹಣವನ್ನೂ ನಂಬಿಕೆಯನ್ನೂ ಕಳೆಯುವ ಕೆಲಸ.

ನಿಜವಾದ ಗುಳಿಯಿದ್ದವರಿಗೆ ಯಾವ ಜೆಲ್? ಇಲ್ಲಿನ ಚರ್ಮ ದೇಹದಲ್ಲೇ ಅತ್ಯಂತ ತೆಳು. ದುಗ್ಧರಸ ಹರಿದುಹೋಗುವ ದಾರಿಯೂ ಇಕ್ಕಟ್ಟು. ನೀರು ಹೀರುವ ಜೆಲ್ ಇಟ್ಟರೆ ಕಣ್ಣಿನ ಕೆಳಗೆ ಚೀಲ ಬರುತ್ತದೆ, ಬೆಳಗಿನ ಹೊತ್ತು ಇನ್ನೂ ಹೆಚ್ಚಾಗಿ ಕಾಣುತ್ತದೆ. ಆದ್ದರಿಂದ ಇಲ್ಲಿ ನನ್ನ ಮೊದಲ ಮಾನದಂಡ ನೀರು ಹೀರುವ ಗುಣ, ಎರಡನೆಯದು ಜಿ ಪ್ರೈಮ್. ವೊಲ್ಬೆಲ್ಲಾದಂಥ, ಮಿಲಿಲೀಟರಿಗೆ 15 ಮಿಲಿಗ್ರಾಂ ಸಾಂದ್ರತೆಯ ಜೆಲ್‌ಗಳು ಇಲ್ಲಿ ಬಳಕೆಗೆ ಬಂದಿರುವುದು ಈ ಕಾರಣಕ್ಕೆ. ಎಫ್‌ಡಿಎ ಅದನ್ನು ಕಣ್ಣಿನ ಕೆಳಗಿನ ಗುಳಿಗೆ ಒಪ್ಪಿದ್ದು 2022ರಲ್ಲಿ. ಜೆಲ್ ಇಡಬೇಕಾದದ್ದು ಕಣ್ಣಿನ ಸುತ್ತಲಿನ ಆರ್ಬಿಕ್ಯುಲಾರಿಸ್ ಸ್ನಾಯುವಿನ ಕೆಳಗೆ, ಮೂಳೆಯ ಹೊದಿಕೆಯ ಮೇಲೆ, ಸ್ವಲ್ಪವೇ. ಮೇಲ್ಪದರದಲ್ಲಿ ಉಳಿದ ಜೆಲ್ ಮೂಲಕ ಬೆಳಕು ಚದುರಿ ನೀಲಿ ಛಾಯೆ ಕಾಣುತ್ತದೆ. ಇದೇ ಟಿಂಡಲ್ ಪರಿಣಾಮ. ಕಪ್ಪು ಹೋಗಲೆಂದು ಬಂದವರಿಗೆ ನೀಲಿ ಕೊಟ್ಟು ಕಳಿಸಬಾರದು. ಮೊದಲೇ ಚೀಲವಿರುವವರಿಗೆ, ಬೆಳಗಾದರೆ ಕಣ್ಣು ಊದಿಕೊಳ್ಳುವವರಿಗೆ ಇಲ್ಲಿ ಫಿಲ್ಲರ್ ಬೇಡ ಎಂದು ಹೇಳುವುದೇ ಸರಿಯಾದ ಚಿಕಿತ್ಸೆ.

ಇಲ್ಲಿನ ಜೆಲ್ ಆರು ತಿಂಗಳಿಗೋ ವರ್ಷಕ್ಕೋ ಕರಗುತ್ತದೆ ಎಂದು ಬರೆದಿಟ್ಟುಕೊಳ್ಳಬೇಡಿ. ಎರಡು ವರ್ಷ ದಾಟಿದ ಮೇಲೂ ಮುಖದ ಮಧ್ಯಭಾಗದಲ್ಲಿ ಜೆಲ್ ಉಳಿದಿರುವುದು ಎಂಆರ್‌ಐ ಚಿತ್ರಗಳಲ್ಲಿ ಕಂಡಿದೆ. ಪ್ರತಿವರ್ಷ ಇನ್ನೊಂದು ಸಿರಿಂಜ್ ಎಂಬ ಲೆಕ್ಕಾಚಾರ ಮುಖಗಳನ್ನು ಊದಿಸುತ್ತಿರುವುದು ಹೀಗೆ.

ತುಟಿ, ಬಾಯಿಯ ಸುತ್ತ, ಮೂಗಿನ ಪಕ್ಕದ ಗೆರೆ

ತುಟಿ ದಿನವಿಡೀ ಹಿಗ್ಗುತ್ತದೆ, ಕುಗ್ಗುತ್ತದೆ. ಮೆದುವಾದ, ಹಿಗ್ಗಬಲ್ಲ ಜೆಲ್ ಬೇಕು. ಗಟ್ಟಿ ಜೆಲ್ ಇಟ್ಟರೆ ಮಾತಾಡುವಾಗ ತುಟಿಯೊಳಗೆ ಹಲಗೆ ಇಟ್ಟಂತೆ ಕಾಣುತ್ತದೆ. ಮೇಲ್ದುಟಿಯ ಅಪಧಮನಿ ಹೆಚ್ಚಿನವರಲ್ಲಿ ಒಳಭಾಗದಲ್ಲಿ, ಲೋಳೆಪೊರೆಯ ಕೆಳಗೆ ಹರಿಯುತ್ತದೆ; ಆದ್ದರಿಂದ ಸೂಜಿ ಆಳಕ್ಕೆ ಹೋಗಬಾರದು. ಹಿಂದೆ ತುಟಿಯ ಮೇಲೆ ನೀರುಗುಳ್ಳೆ ಎದ್ದಿತ್ತೇ ಎಂದು ಕೇಳಲೇಬೇಕು. ಹರ್ಪೀಸ್ ಇದ್ದವರಿಗೆ ಮುಂಚಿತವಾಗಿ ವೈರಸ್ ನಿರೋಧಕ ಮಾತ್ರೆ ಕೊಡುತ್ತೇವೆ.

ಮೂಗಿನ ಪಕ್ಕದ ಗೆರೆಗೆ ಮಧ್ಯಮ ಗಟ್ಟಿತನದ, ಚಲನೆಗೆ ಬಾಗುವ ಜೆಲ್. ಗೆರೆಯ ಮೇಲ್ತುದಿಯಲ್ಲಿ ಮುಖದ ಅಪಧಮನಿ ಚರ್ಮಕ್ಕೆ ಹತ್ತಿರ ಬರುವುದರಿಂದ ಅಲ್ಲಿ ಮೂಳೆಯ ಮೇಲೆ ಆಳದಲ್ಲಿ ಇಡುವುದು ರೂಢಿ. ಬಾಯಿಯ ಸುತ್ತಲಿನ ಸಣ್ಣ ಸುಕ್ಕುಗಳಿಗೆ ಒಗ್ಗಟ್ಟು ಹೆಚ್ಚಿರುವ, ತೀರ ಮೆದುವಾದ ಜೆಲ್ ಚರ್ಮದೊಳಗೇ ಹರಡಿಕೊಳ್ಳುತ್ತದೆ. ಬೆಲೊಟೆರೊ ಬ್ಯಾಲೆನ್ಸ್ ಈ ಗುಂಪಿನದು, ಅದರಲ್ಲಿ ಟಿಂಡಲ್ ಛಾಯೆ ಕಡಿಮೆ.

ಗಲ್ಲ ಮತ್ತು ದವಡೆಯ ಅಂಚು

ಗಲ್ಲದ ಮೆಂಟಾಲಿಸ್ ಸ್ನಾಯು ಬಲವಾಗಿ ಹಿಂಡುತ್ತದೆ. ಮೆದು ಜೆಲ್ ಅಲ್ಲಿ ಚಪ್ಪಟೆಯಾಗಿ ಹರಿದುಬಿಡುತ್ತದೆ. ಗಟ್ಟಿತನ, ಒಗ್ಗಟ್ಟು ಎರಡೂ ಬೇಕು. ಮಿಲಿಲೀಟರಿಗೆ 25 ಮಿಲಿಗ್ರಾಂ ಇರುವ ವೊಲಕ್ಸ್ ದವಡೆಯ ಅಂಚಿಗೆ ಎಫ್‌ಡಿಎ ಒಪ್ಪಿಗೆ ಪಡೆದದ್ದು 2022ರಲ್ಲಿ. ಮುಖದ ಅಪಧಮನಿ ದವಡೆಮೂಳೆಯನ್ನು ದಾಟುವುದು ಅಗಿಯಲು ನೆರವಾಗುವ ಮ್ಯಾಸೆಟರ್ ಸ್ನಾಯುವಿನ ಮುಂಭಾಗದ ಅಂಚಿನಲ್ಲಿ. ಹಲ್ಲು ಕಚ್ಚಿಸಿ, ಬೆರಳಿಟ್ಟು ಅದರ ಮಿಡಿತ ಹುಡುಕಿ, ಪೆನ್ನಿನಲ್ಲಿ ಗುರುತು ಹಾಕಿ, ಆಮೇಲೆ ಮುಂದುವರಿಯಿರಿ. ಹಿಂದೆ ಸರಿದ ಗಲ್ಲ ನಮ್ಮಲ್ಲಿ ಅನೇಕರಿಗಿದೆ; ಅದನ್ನು ಸ್ವಲ್ಪ ಮುಂದೆ ತಂದರೆ ಮೂಗು ದೊಡ್ಡದೆಂಬ ಕೊರಗು ಕೆಲವೊಮ್ಮೆ ಮೂಗನ್ನು ಮುಟ್ಟದೆಯೇ ತೀರುತ್ತದೆ.

ಮೂಗು ಮತ್ತು ಹುಬ್ಬುಗಳ ನಡುವೆ

ಮೂಗಿನ ಹೊರಗಿನ ಅಪಧಮನಿಗಳು ಕಣ್ಣಿಗೆ ರಕ್ತ ಕೊಡುವ ಆಫ್ತಾಲ್ಮಿಕ್ ಅಪಧಮನಿಯೊಂದಿಗೆ ಕೂಡಿಕೊಂಡಿವೆ. ಸೂಜಿ ನಾಳದೊಳಗೆ ಹೊಕ್ಕು ಜೋರಾಗಿ ಒತ್ತಿದರೆ ಜೆಲ್ ಹಿಂದಕ್ಕೆ ಹೋಗಿ, ಮತ್ತೆ ಮುಂದೆ ಹರಿದು ಅಕ್ಷಿಪಟಲದ ನಾಳವನ್ನು ಮುಚ್ಚುತ್ತದೆ. ಬೆಲೆಜ್ನೇ ಮತ್ತು ಸಂಗಡಿಗರು 2015ರಲ್ಲಿ ಒಟ್ಟುಗೂಡಿಸಿದ 98 ದೃಷ್ಟಿಹಾನಿಯ ಪ್ರಕರಣಗಳಲ್ಲಿ ಶೇ. 38.8 ಹುಬ್ಬುಗಳ ನಡುವೆ, ಶೇ. 25.5 ಮೂಗಿನಲ್ಲಿ ಚುಚ್ಚಿದ ಮೇಲೆ ಆದವು. ಅವುಗಳಲ್ಲಿ ಅರ್ಧದ ಹತ್ತಿರದಷ್ಟು ದೇಹದ ಸ್ವಂತ ಕೊಬ್ಬನ್ನು ಚುಚ್ಚಿದ ಪ್ರಕರಣಗಳು. 2019ರಲ್ಲಿ ಅದೇ ತಂಡ ಸೇರಿಸಿದ ಹೊಸ 48 ಪ್ರಕರಣಗಳಲ್ಲಿ ಮೂಗಿನ ಪಾಲು ಅರ್ಧಕ್ಕಿಂತ ಹೆಚ್ಚಾಯಿತು, ಬಹುಪಾಲು ಹಯಲುರಾನಿಕ್ ಆಮ್ಲದಿಂದ. ಕಲಿಯುವ ಹಂತದಲ್ಲಿರುವವರು ಈ ಎರಡು ಜಾಗಗಳನ್ನು ಮುಟ್ಟಬಾರದು. ಇಲ್ಲಿ ಯಾವ ಜೆಲ್ ಸರಿ ಎಂಬ ಪ್ರಶ್ನೆಯನ್ನೇ ನಾನು ಮುಂದಕ್ಕೆ ಒಯ್ಯುವುದಿಲ್ಲ.

ಸೂಜಿಯೋ, ಮೊಂಡು ತುದಿಯ ಕೊಳವೆಯಾದ ಕ್ಯಾನುಲಾವೋ ಎಂಬ ಚರ್ಚೆಗೆ 2021ರ ಒಂದು ದೊಡ್ಡ ಅಧ್ಯಯನ ಬೆಳಕು ಚೆಲ್ಲಿದೆ. 370 ಚರ್ಮತಜ್ಞರು ಬಳಸಿದ 17 ಲಕ್ಷ ಸಿರಿಂಜ್‌ಗಳ ಲೆಕ್ಕದಲ್ಲಿ ನಾಳ ಮುಚ್ಚಿದ್ದು ಸೂಜಿಯಲ್ಲಿ 6,410 ಸಿರಿಂಜಿಗೆ ಒಂದು, ಕ್ಯಾನುಲಾದಲ್ಲಿ 40,882ಕ್ಕೆ ಒಂದು. ನಮ್ಮ ಮೈಬಣ್ಣಕ್ಕೆ ಇನ್ನೊಂದು ಲಾಭವೂ ಇದೆ: ಕ್ಯಾನುಲಾಗೆ ಒಂದೇ ರಂಧ್ರ ಸಾಕಾಗುವುದರಿಂದ ಚುಚ್ಚಿದಲ್ಲೆಲ್ಲ ಕಪ್ಪು ಕಲೆ ಉಳಿಯುವ ಭಯ ಕಡಿಮೆ.

ಹಾಸನದಲ್ಲಿ ಕೂತು ಯೋಚಿಸುವಾಗ

ಕಾಫಿ ಕೊಯ್ಲು ಮುಗಿದ ಮೇಲೆ ಮದುವೆಗಳ ಸಾಲು ಬರುತ್ತದೆ, ಫಿಲ್ಲರ್ ಕೇಳುವವರೂ ಆಗಲೇ ಬರುತ್ತಾರೆ. ಊತ, ರಕ್ತ ಕಂದುವಿಕೆ ಇಳಿಯಲು ಎರಡು ವಾರ ಬೇಕಾಗಬಹುದು. ಮುಹೂರ್ತಕ್ಕೆ ನಾಲ್ಕು ದಿನವಿರುವಾಗ ಒಪ್ಪಿಕೊಳ್ಳಬೇಡಿ. ಸೂಜಿಯಿಲ್ಲದೆ ಒತ್ತಡದಿಂದ ತುಟಿಗೆ ಜೆಲ್ ಚಿಮ್ಮಿಸುವ ಪೆನ್ನುಗಳನ್ನು ಬ್ಯೂಟಿ ಪಾರ್ಲರುಗಳಿಗಾಗಿ ಅಂತರಜಾಲದಲ್ಲಿ ಮಾರುತ್ತಾರೆ. ಅವುಗಳ ಬಳಕೆಯ ವಿರುದ್ಧ ಎಫ್‌ಡಿಎ 2021ರಲ್ಲೇ ಎಚ್ಚರಿಕೆ ಕೊಟ್ಟಿದೆ. ಅದನ್ನು ನಾವೇ ಜನರಿಗೆ ತಿಳಿಸಬೇಕು.

ದೃಷ್ಟಿ ಹೋದರೆ ಅಕ್ಷಿಪಟಲ ತಾಳುವುದು ಹೆಚ್ಚೆಂದರೆ 90 ನಿಮಿಷ ಎಂದು ಓದುತ್ತೇವೆ, ಅದಕ್ಕಿಂತ ಕಡಿಮೆ ಎನ್ನುವವರೂ ಇದ್ದಾರೆ. ಇಲ್ಲಿಂದ ಬೆಂಗಳೂರಿಗೆ ಸುಮಾರು 185 ಕಿಲೋಮೀಟರ್, ಮೂರು ಗಂಟೆಗೂ ಹೆಚ್ಚು. ಮಂಗಳೂರಿಗಾದರೆ ಶಿರಾಡಿ ಘಾಟಿ ಇಳಿಯಬೇಕು. ಅಂದರೆ ಮೊದಲ ಚಿಕಿತ್ಸೆ ಆಗಬೇಕಾದದ್ದು ನಾವು ಚುಚ್ಚಿದ ಕೋಣೆಯಲ್ಲೇ. ಈ ಜೆಲ್ಲನ್ನು ಕರಗಿಸುವ ಹಯಲುರೊನಿಡೇಸ್ ಕಿಣ್ವ ಸಾಕಷ್ಟು ವಯಲ್‌ಗಳಲ್ಲಿ ಕಪಾಟಿನಲ್ಲಿರದಿದ್ದರೆ ಫಿಲ್ಲರ್ ಪೊಟ್ಟಣ ತೆರೆಯಬಾರದು. ಹತ್ತಿರದ ನೇತ್ರತಜ್ಞರ ಸಂಖ್ಯೆ ಗೋಡೆಯ ಮೇಲಿರಬೇಕು. ಜೆಲ್‌ನ ಆಯ್ಕೆಗೂ ಇದಕ್ಕೂ ಸಂಬಂಧವಿದೆ: ಹೆಣಿಗೆ ಹೆಚ್ಚಿರುವ ಗಟ್ಟಿ ಜೆಲ್ ಕರಗಲು ಹೆಚ್ಚು ಕಿಣ್ವ, ಹೆಚ್ಚು ಸಮಯ ಬೇಡುತ್ತದೆ. ಚರ್ಮದ ನಾಳ ಮುಚ್ಚಿದಾಗ ಬಿಳಿಚುವಿಕೆ, ಆಮೇಲೆ ಬಲೆಯಂಥ ನೇರಳೆ ಗುರುತು, ಅಸಹಜ ನೋವು ಬರುತ್ತವೆ. ಉಗುರಿನಿಂದ ಒತ್ತಿ ಬಿಟ್ಟಾಗ ಬಣ್ಣ ಮರಳುವುದು ತಡವಾಗುತ್ತದೆ. ಡಿಲೊರೆಂಜಿ 2017ರಲ್ಲಿ ವಿವರಿಸಿದ ಕ್ರಮದಲ್ಲಿ ತುಟಿಯಷ್ಟು ಜಾಗಕ್ಕೆ ಸುಮಾರು 500 ಯೂನಿಟ್ ಕಿಣ್ವ ಕೊಟ್ಟು, ರಕ್ತಸಂಚಾರ ಮರಳುವವರೆಗೆ ಗಂಟೆಗೊಮ್ಮೆ ಮತ್ತೆ ಕೊಡುತ್ತಾರೆ.

ಮಲೆನಾಡಿನ ಅಂಚಿನಲ್ಲಿರುವ ನಾವು ಕೇಸ್ ಶೀಟಿನಲ್ಲಿ ಒಂದು ಪ್ರಶ್ನೆಯನ್ನು ದಪ್ಪಕ್ಷರದಲ್ಲಿ ಬರೆಯಬೇಕು: ಜೇನು ಅಥವಾ ಕಣಜ ಕಡಿದು ಮೈಯೆಲ್ಲ ಊದಿತ್ತೇ, ಉಸಿರು ಕಟ್ಟಿತ್ತೇ? ಜೇನಿನ ವಿಷದಲ್ಲಿಯೂ ಹಯಲುರೊನಿಡೇಸ್ ಇದೆ. ತೋಟದಲ್ಲಿ ಹೆಜ್ಜೇನು ಕಡಿಸಿಕೊಂಡು ಆಸ್ಪತ್ರೆ ಸೇರಿದ್ದವರಿಗೆ ಕರಗಿಸುವ ಔಷಧವೇ ಅಪಾಯವಾಗಬಹುದು. ಅಂಥವರಿಗೆ ಸೌಂದರ್ಯಕ್ಕಾಗಿ ಫಿಲ್ಲರ್ ಹಾಕಲು ಹೊರಡುವುದೇ ತಪ್ಪು ಎಂದು ನಾನು ಹೇಳುತ್ತೇನೆ. ಗಂಟು ಕರಗಿಸುವಂಥ ಅವಸರವಿಲ್ಲದ ಕೆಲಸಕ್ಕೆ ಮೊದಲು ಚರ್ಮದಲ್ಲಿ ಪರೀಕ್ಷಾ ಚುಚ್ಚು ಕೊಟ್ಟು ನೋಡಿ. ನಾಳ ಮುಚ್ಚಿದ ತುರ್ತಿನಲ್ಲಿ ಅದಕ್ಕೆ ಕಾಯಲಾಗದು. ಒಂದು ಕೈಯಲ್ಲಿ ಕಿಣ್ವ, ಪಕ್ಕದ ತಟ್ಟೆಯಲ್ಲಿ ಅಲರ್ಜಿಯ ತುರ್ತಿಗೆಂದು ಸಿರಿಂಜಿಗೆ ಎಳೆದಿಟ್ಟ ಅಡ್ರಿನಲಿನ್ ಇಟ್ಟುಕೊಂಡೇ ಶುರುಮಾಡಬೇಕು.