ಸುಮ್ನೆ ಕೈ ಇಟ್ಟರೆ ನೋವು ಕಡಿಮೆಯಾಗುತ್ತಾ?

ಪ್ರಶ್ನೆ: ಅಮ್ಮನಿಗೆ ಹಲವು ವರ್ಷಗಳಿಂದ ಮೈಯೆಲ್ಲ ನೋವು. ಡಾಕ್ಟರು ಫೈಬ್ರೊಮಯಾಲ್ಜಿಯಾ ಎಂದು ಹೇಳಿ ಮಾತ್ರೆ ಕೊಟ್ಟಿದ್ದಾರೆ. ರಾತ್ರಿ ನಿದ್ದೆ ಬರಲ್ಲ, ಸದಾ ಏನೋ ಆತಂಕ. ಪರಿಚಯದವರೊಬ್ಬರು ಮೃದುವಾಗಿ ಕೈಯಿಟ್ಟು ಮಾಡುವ ಒಂದು ಥೆರಪಿಗೆ ಕರೆದುಕೊಂಡು ಹೋಗಿ ಅನ್ನುತ್ತಿದ್ದಾರೆ. ಅಲ್ಲಿ ಒತ್ತುವುದಿಲ್ಲವಂತೆ, ತಿಕ್ಕುವುದಿಲ್ಲವಂತೆ. ಸುಮ್ನೆ ಕೈ ಇಟ್ಟರೆ ನೋವು ಕಡಿಮೆಯಾಗುತ್ತಾ? ಇಲ್ಲಾ ಎಲ್ಲ ಮನಸ್ಸಿನ ಭ್ರಮೆಯಾ?

ಉತ್ತರ: ಕಡಿಮೆಯಾಗಬಹುದು. ಅದು ಭ್ರಮೆ ಅಲ್ಲ. ಆದರೆ ಕಾಯಿಲೆ ವಾಸಿಯಾಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಈ ಎರಡು ಮಾತನ್ನೂ ಒಟ್ಟಿಗೆ ಹಿಡಿದುಕೊಳ್ಳುವುದು ಸ್ವಲ್ಪ ಕಷ್ಟ. ಅದಕ್ಕೇ ಇದನ್ನು ವಿವರವಾಗಿ ಬರೆಯುತ್ತಿದ್ದೇನೆ.

ಮೊದಲು ದೇಹದೊಳಗೆ ಏನಾಗುತ್ತದೆ ನೋಡೋಣ. ಮೊಣಕೈ ಬಾಗಿಲಿಗೆ ತಾಗಿದ ಕೂಡಲೇ ನಮ್ಮ ಇನ್ನೊಂದು ಕೈ ತಾನಾಗಿಯೇ ಅಲ್ಲಿಗೆ ಹೋಗಿ ಉಜ್ಜುತ್ತದೆ, ಅಲ್ವಾ? ಯಾಕೆ ಹಾಗೆ ಎಂದು 1965ರಲ್ಲಿ ರೊನಾಲ್ಡ್ ಮೆಲ್ಜಾಕ್ ಮತ್ತು ಪ್ಯಾಟ್ರಿಕ್ ವಾಲ್ ಎಂಬ ಇಬ್ಬರು ವಿಜ್ಞಾನಿಗಳು ಒಂದು ವಿವರಣೆ ಕೊಟ್ಟರು. ಬೆನ್ನುಹುರಿಯಲ್ಲಿ ಒಂದು ಬಾಗಿಲಿದೆ ಎಂದುಕೊಳ್ಳಿ. ನೋವಿನ ಸುದ್ದಿ ಆ ಬಾಗಿಲನ್ನು ದಾಟಿ ಮಿದುಳಿಗೆ ಹೋಗಬೇಕು. ಅದೇ ಹೊತ್ತಿಗೆ ಸ್ಪರ್ಶದ ಸುದ್ದಿಯೂ ಬಂದರೆ ಬಾಗಿಲು ಸ್ವಲ್ಪ ಮುಚ್ಚಿಕೊಳ್ಳುತ್ತದೆ. ನೋವು ಪೂರ್ತಿ ಒಳಗೆ ಹೋಗುವುದಿಲ್ಲ. ಈ ವಿವರಣೆಯ ಕೆಲವು ಭಾಗಗಳು ಮುಂದೆ ತಿದ್ದುಪಡಿಯಾದವು, ಮೂಲ ಮಾತು ಮಾತ್ರ ಇಂದಿಗೂ ಉಳಿದಿದೆ.

ನನಗೆ ಇದಕ್ಕಿಂತ ಜಾಸ್ತಿ ಇಷ್ಟವಾದ ಸಂಗತಿ ಇನ್ನೊಂದಿದೆ. ನಮ್ಮ ಚರ್ಮದಲ್ಲಿ ಸ್ಪರ್ಶವನ್ನು ಹೊತ್ತೊಯ್ಯುವ ನರದ ಎಳೆಗಳು ಒಂದೇ ಬಗೆಯವಲ್ಲ. ಒಂದು ಬಗೆಯವು ತುಂಬ ವೇಗ. ಸೆಕೆಂಡಿಗೆ ಸುಮಾರು 50 ಮೀಟರ್ ಓಡುತ್ತವೆ. ಏನು ತಾಗಿತು, ಎಲ್ಲಿ ತಾಗಿತು ಎಂದು ಹೇಳುವುದು ಅವುಗಳ ಕೆಲಸ. ಇನ್ನೊಂದು ಬಗೆಯವು ಬಹಳ ನಿಧಾನ. ಸೆಕೆಂಡಿಗೆ ಹೆಚ್ಚುಕಡಿಮೆ ಒಂದೇ ಮೀಟರ್. ಇವುಗಳಿಗೆ ಸಿ-ಟ್ಯಾಕ್ಟೈಲ್ ಎಳೆಗಳು ಎನ್ನುತ್ತಾರೆ. ರೋಮ ಇರುವ ಚರ್ಮದಲ್ಲಿ, ಅಂದರೆ ಮುಂಗೈ, ತೋಳು, ಬೆನ್ನಿನಲ್ಲಿ ಇವು ಹೇರಳ. ಮನುಷ್ಯರಲ್ಲಿ ಇವುಗಳನ್ನು ವರ್ಷಗಟ್ಟಲೆ ಕೂತು ಅಭ್ಯಾಸ ಮಾಡಿದವರಲ್ಲಿ ಸ್ವೀಡನ್ನಿನ ಒಕೆ ವಾಲ್ಬೊ ಮತ್ತು ಹೋಕನ್ ಓಲಾಸನ್ ಮುಖ್ಯರು.

ಈ ನಿಧಾನದ ಎಳೆಗಳಿಗೆ ಒಂದು ವಿಶೇಷ ಅಭಿರುಚಿ ಇದೆ. ಚರ್ಮದ ಮೇಲೆ ಕೈ ಸೆಕೆಂಡಿಗೆ 1ರಿಂದ 10 ಸೆಂಟಿಮೀಟರ್ ವೇಗದಲ್ಲಿ ಸರಿದರೆ ಅವು ಚೆನ್ನಾಗಿ ಮಿಡಿಯುತ್ತವೆ. ಅದಕ್ಕಿಂತ ಬೇಗ ಹೋದರೂ, ತೀರಾ ನಿಧಾನವಾದರೂ ಮಿಡಿತ ಇಳಿಯುತ್ತದೆ. ಇನ್ನೂ ಒಂದು ಸೋಜಿಗ: ಮುಟ್ಟುವ ವಸ್ತು ಸುಮಾರು 32 ಡಿಗ್ರಿ ಸೆಲ್ಸಿಯಸ್ ಬೆಚ್ಚಗಿದ್ದರೆ ಅವಕ್ಕೆ ಅತ್ಯಂತ ಹಿತ. ಅದು ಹೆಚ್ಚುಕಡಿಮೆ ನಮ್ಮ ಚರ್ಮದ ಬಿಸುಪು. ಮನುಷ್ಯನ ಕೈ ನೇವರಿಸುವುದಕ್ಕೆಂದೇ ಶ್ರುತಿ ಮಾಡಿಟ್ಟ ತಂತಿಗಳು ಅನ್ನಿಸುವುದಿಲ್ಲವೇ? ಅವು ಕೊಡುವ ಸುದ್ದಿ ಮಿದುಳಿನಲ್ಲಿ ಭಾವನೆಗೆ ಸಂಬಂಧಿಸಿದ ಇನ್ಸುಲಾ ಎಂಬ ಭಾಗಕ್ಕೆ ತಲುಪುತ್ತದೆ. ಯಾವ ವಸ್ತು ತಾಗಿತು ಎಂಬ ವಿವರ ಅದರಲ್ಲಿ ಕಡಿಮೆ. ಹಿತವಾಗಿದೆ ಎಂಬ ಭಾವನೆ ಜಾಸ್ತಿ.

ಹಾಗಾಗಿ ಮೃದುವಾದ ಕೈ ಕೆಲಸ ಮಾಡಲು ಕಾರಣ ಇದೆ. ಒತ್ತಲೇಬೇಕು, ಗಂಟು ಬಿಡಿಸಲೇಬೇಕು, ನೋವಾದರೇ ಫಲ ಎಂಬುದು ತಪ್ಪು ತಿಳಿವಳಿಕೆ. ನಿಮ್ಮ ಅಮ್ಮನ ವಿಷಯದಲ್ಲಂತೂ ಇದು ಇನ್ನೂ ಮುಖ್ಯ. ಫೈಬ್ರೊಮಯಾಲ್ಜಿಯಾದಲ್ಲಿ ನೋವಿನ ದನಿಯನ್ನು ನರವ್ಯೂಹವೇ ಏರಿಸಿಬಿಟ್ಟಿರುತ್ತದೆ. ಸ್ನಾಯುವಿನಲ್ಲಿ ಗಾಯ ಇರಬೇಕೆಂದಿಲ್ಲ. ಬೇರೆಯವರಿಗೆ ಏನೂ ಅನ್ನಿಸದ ಒತ್ತಡ ಅವರಿಗೆ ನೋವಾಗಬಹುದು. ಕೆಲವು ದಿನ ಬಟ್ಟೆ ತಾಗಿದರೂ ಉರಿಯಬಹುದು. ಅಂಥ ಮೈಯನ್ನು ಜೋರಾಗಿ ತಿಕ್ಕಿದರೆ ಮರುದಿನ ಏಳಲೂ ಆಗದ ಹಾಗೆ ಆಗಬಹುದು.

ಆದರೆ ಮೃದು ಅಂದರೆ ಗರಿ ತಾಗಿದ ಹಾಗೆ ಎಂದೂ ಅಲ್ಲ. 1986ರಲ್ಲಿ ಟಿಫನಿ ಫೀಲ್ಡ್ ಮತ್ತು ಸಂಗಡಿಗರು ಅವಧಿಗೆ ಮುಂಚೆ ಹುಟ್ಟಿದ ಶಿಶುಗಳ ಮೇಲೆ ಮಾಡಿದ ಅಧ್ಯಯನ ಪ್ರಕಟವಾಯಿತು. ದಿನಕ್ಕೆ ಮೂರು ಸಲ, 15 ನಿಮಿಷದಂತೆ, 10 ದಿನ ಮೈ ಸವರಿ ಕೈಕಾಲು ಆಡಿಸಿದ ಶಿಶುಗಳು ಉಳಿದವಕ್ಕಿಂತ ದಿನಕ್ಕೆ ಶೇಕಡಾ 47ರಷ್ಟು ಹೆಚ್ಚು ತೂಕ ಪಡೆದವು. ಅಲ್ಲಿ ಕೈಗೆ ಒಂದಿಷ್ಟು ಭಾರ ಇತ್ತು, ಯಾಕೆಂದರೆ ತೀರಾ ಹಗುರವಾಗಿ ಮುಟ್ಟಿದರೆ ಕಚಗುಳಿಯಾಗುತ್ತದೆ. ನಂಬಿಕೆಯೋ ಭ್ರಮೆಯೋ ಆಗಿದ್ದರೆ ಆ ಶಿಶುಗಳಿಗೆ ಏನು ಗೊತ್ತಿತ್ತು ಹೇಳಿ.

ಇನ್ನು, ಯಾರು ಮುಟ್ಟುತ್ತಾರೆ ಎಂಬುದೂ ಲೆಕ್ಕಕ್ಕೆ ಬರುತ್ತದೆ. 2006ರಲ್ಲಿ ಜೇಮ್ಸ್ ಕೋನ್ ಮತ್ತು ಸಂಗಡಿಗರು 16 ಮದುವೆಯಾದ ಹೆಣ್ಣುಮಕ್ಕಳನ್ನು ಎಂ.ಆರ್.ಐ. ಯಂತ್ರದಲ್ಲಿ ಮಲಗಿಸಿ, ಈಗ ಸಣ್ಣ ಕರೆಂಟ್ ಶಾಕ್ ಬರಬಹುದು ಎಂದು ಎಚ್ಚರಿಸಿ ಮಿದುಳನ್ನು ಗಮನಿಸಿದರು. ಒಬ್ಬರೇ ಇದ್ದಾಗ ಮಿದುಳಿನ ಅಪಾಯದ ಗಂಟೆ ಜೋರಾಗಿ ಹೊಡೆಯಿತು. ಅಪರಿಚಿತರ ಕೈ ಹಿಡಿದಾಗ ಸ್ವಲ್ಪ ಇಳಿಯಿತು. ಗಂಡನ ಕೈ ಹಿಡಿದಾಗ ಇನ್ನೂ ಇಳಿಯಿತು. ದಾಂಪತ್ಯ ಚೆನ್ನಾಗಿದ್ದವರಲ್ಲಿ ಎಲ್ಲಕ್ಕಿಂತ ಹೆಚ್ಚು. ಇದನ್ನು ಓದಿದ ಮೇಲೆ ನನಗೆ ಅನ್ನಿಸಿದ್ದು, ನಿಮ್ಮ ಅಮ್ಮನಿಗೆ ಬೇಕಾದ ಒಳ್ಳೆಯ ಕೈಗಳಲ್ಲಿ ಎರಡು ಈಗಾಗಲೇ ಮನೆಯಲ್ಲೇ ಇವೆ ಎಂದು. ಆ ಮಾತಿಗೆ ಕೊನೆಯಲ್ಲಿ ಬರುತ್ತೇನೆ.

ಈಗ ಕಷ್ಟದ ಭಾಗ. ಮೃದುವಾಗಿ ಕೈಯಿಟ್ಟು ಮಾಡುವ ಥೆರಪಿಗಳು ಹಲವು. 1922ರಲ್ಲಿ ಜಪಾನಿನ ಮಿಕಾವೊ ಉಸುಯಿ ಶುರು ಮಾಡಿದ ರೇಕಿ ಇದೆ. ಅಮೆರಿಕದಲ್ಲಿ 1930ರ ದಶಕದಲ್ಲಿ ಯೂನಿಸ್ ಇಂಗಮ್ ಬೆಳೆಸಿದ ಪಾದದ ರಿಫ್ಲೆಕ್ಸಾಲಜಿ ಇದೆ. 1970ರ ದಶಕದಲ್ಲಿ ಜಾನ್ ಅಪ್ಲೆಡ್ಜರ್ ಜನಪ್ರಿಯಗೊಳಿಸಿದ ಕ್ರೇನಿಯೋಸೇಕ್ರಲ್ ಥೆರಪಿ ಇದೆ. ಇದರಲ್ಲಿ ತಲೆ, ಬೆನ್ನಿನ ಮೇಲೆ ಸುಮಾರು 5 ಗ್ರಾಂ ಭಾರದಷ್ಟು ಮಾತ್ರ ಒತ್ತುತ್ತಾರೆ. ಮಾಡಿಸಿಕೊಂಡ ಬಹಳಷ್ಟು ಜನ ಹಾಯೆನಿಸಿತು ಎನ್ನುತ್ತಾರೆ. ನಾನು ಅವರನ್ನು ನಂಬುತ್ತೇನೆ. ಆದರೆ ಪ್ರತಿಯೊಂದು ಪದ್ಧತಿಗೂ ಅದರದ್ದೇ ಒಂದು ವಿವರಣೆ ಇದೆ: ಶಕ್ತಿ ಹರಿಯುತ್ತದೆ, ಪಾದದ ಈ ಬಿಂದು ಮೂತ್ರಪಿಂಡಕ್ಕೆ ಸೇರಿದ್ದು, ತಲೆಬುರುಡೆಯ ಮೂಳೆಗಳ ಲಯವನ್ನು ಕೈ ಓದುತ್ತದೆ. ಈ ವಿವರಣೆಗಳು ಪರೀಕ್ಷೆಯಲ್ಲಿ ನಿಂತಿಲ್ಲ. ಒಬ್ಬರ ತಲೆಬುರುಡೆಯ ಲಯವನ್ನು ಇಬ್ಬರು ಪರಿಣತರು ಬೇರೆ ಬೇರೆಯಾಗಿ ಅಳೆದಾಗ ಎರಡು ಲೆಕ್ಕ ಒಂದಕ್ಕೊಂದು ಹೊಂದಲಿಲ್ಲ.

ಎಮಿಲಿ ರೋಸಾ ಎಂಬ ಹುಡುಗಿಯ ಪ್ರಯೋಗವನ್ನಂತೂ ಹೇಳಲೇಬೇಕು. ರೋಗಿಯ ಮೈ ಸುತ್ತಲಿನ ಶಕ್ತಿಯನ್ನು ಮುಟ್ಟದೆಯೇ ಕೈಯಿಂದ ತಿಳಿಯಬಲ್ಲೆವು ಎನ್ನುವ ಥೆರಪಿಸ್ಟರನ್ನು ಅವಳು ಒಂಬತ್ತನೇ ವಯಸ್ಸಿನಲ್ಲಿ ಪರೀಕ್ಷೆ ಮಾಡಿದಳು. ಅವರು ಪರದೆಯ ತೂತಿನಿಂದ ಎರಡೂ ಕೈ ಚಾಚಬೇಕು. ಅವಳು ನಾಣ್ಯ ಚಿಮ್ಮಿ, ಯಾವುದೋ ಒಂದು ಕೈಯ ಮೇಲೆ ತನ್ನ ಕೈಯನ್ನು ತಾಗದಂತೆ ಹಿಡಿಯುತ್ತಾಳೆ. ಯಾವ ಕೈ ಎಂದು ಹೇಳಬೇಕು, ಅಷ್ಟೇ. 21 ಥೆರಪಿಸ್ಟರು, 280 ಪ್ರಯತ್ನ. ಸರಿಯಾದದ್ದು 123, ಅಂದರೆ ಶೇಕಡಾ 44. ಕಣ್ಣು ಮುಚ್ಚಿ ಊಹಿಸಿದರೂ ಅರ್ಧದಷ್ಟು ಸರಿಯಾಗುತ್ತಿತ್ತು. 1998ರಲ್ಲಿ ಇದು ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲೇ ಪ್ರಕಟವಾಯಿತು.

ಹಾಗಾದರೆ ಹಾಯೆನಿಸಿದ್ದು ಎಲ್ಲಿಂದ ಬಂತು? ಬೆಚ್ಚಗಿನ ಕೈಯಿಂದ. ಒಂದು ಗಂಟೆ ಯಾವ ಗಡಿಬಿಡಿಯೂ ಇಲ್ಲದೆ ಮಲಗಿದ್ದರಿಂದ. ತನ್ನ ಕಷ್ಟವನ್ನು ಒಬ್ಬರು ಪೂರ್ತಿ ಕೇಳಿಸಿಕೊಂಡದ್ದರಿಂದ. ಈ ಕೊನೆಯದರ ಬಲವನ್ನು ಟೆಡ್ ಕ್ಯಾಪ್ಚಕ್ ತಂಡ 2008ರಲ್ಲಿ ತೋರಿಸಿಕೊಟ್ಟಿತು. ಕರುಳಿನ ಐ.ಬಿ.ಎಸ್. ತೊಂದರೆ ಇದ್ದ 262 ಜನರನ್ನು ಮೂರು ಗುಂಪು ಮಾಡಿದರು. ಒಂದು ಗುಂಪು ಸುಮ್ನೆ ಕಾಯಿತು. ಇನ್ನೊಂದಕ್ಕೆ ಹುಸಿ ಅಕ್ಯುಪಂಕ್ಚರ್, ಅಂದರೆ ಸೂಜಿ ಚುಚ್ಚಿದಂತೆ ಬರೀ ನಟನೆ, ಮಾತುಕತೆ ತೀರಾ ಕಡಿಮೆ. ಮೂರನೆಯದಕ್ಕೆ ಅದೇ ಹುಸಿ ಅಕ್ಯುಪಂಕ್ಚರ್, ಜೊತೆಗೆ ಅಕ್ಕರೆಯ ಮಾತು. ಮೂರು ವಾರದ ನಂತರ ಸಾಕಷ್ಟು ಆರಾಮ ಸಿಕ್ಕಿತು ಎಂದವರು ಕ್ರಮವಾಗಿ ಶೇಕಡಾ 28, 44 ಮತ್ತು 62. ಅಕ್ಕರೆಯೂ ಒಂದು ಮದ್ದು ಎಂಬ ಮಾತಿಗೆ ಇದಕ್ಕಿಂತ ಹೆಚ್ಚಿನ ಲೆಕ್ಕ ಬೇಕಾ?

ಆದರೆ ಅದು ಎಲ್ಲಿಯವರೆಗೆ ಮದ್ದು ಎಂಬುದನ್ನು ನಾನು ಮನೆಯಲ್ಲೇ ಕಂಡೆ. ನಮ್ಮ ಚಿಕ್ಕಮ್ಮನಿಗೆ ರುಮಟಾಯ್ಡ್ ಆರ್ಥ್ರೈಟಿಸ್, ಅಂದರೆ ಕೀಲುಗಳಲ್ಲಿ ಉರಿಯೂತ ತರುವ ಕಾಯಿಲೆ. ಕೈಯಿಟ್ಟು ಮಾಡುವ ಒಂದು ಥೆರಪಿಗೆ ಹೋಗತೊಡಗಿದರು. ನಾಲ್ಕೈದು ಸಲ ಹೋಗಿಬರುವಷ್ಟರಲ್ಲಿ ಮುಖವೇ ಬದಲಾಗಿತ್ತು. ನಿದ್ದೆ ಬಂತು, ನಗು ಬಂತು. ನಮಗೆಲ್ಲ ಖುಷಿ. ನೋವಿಲ್ಲವಲ್ಲ ಎಂದು ಅವರು ಯಾರಿಗೂ ಹೇಳದೆ ಡಾಕ್ಟರು ಕೊಟ್ಟ ಮಾತ್ರೆ ನಿಲ್ಲಿಸಿದರು. ಥೆರಪಿ ಮಾಡುವವರೂ ಹೌದೌದು, ದೇಹ ತಾನೇ ಸರಿ ಮಾಡಿಕೊಳ್ಳುತ್ತದೆ ಅಂದರಂತೆ. ಕೆಲವು ತಿಂಗಳಲ್ಲಿ ಬೆರಳುಗಳ ಗೆಣ್ಣು ಊದಿ ಬಟ್ಟೆಯ ಗುಂಡಿ ಹಾಕಲೂ ಆಗದಂತಾಯಿತು. ನೋವು ಇಳಿದಿತ್ತು, ಕೀಲಿನೊಳಗಿನ ಉರಿಯೂತ ಇಳಿದಿರಲಿಲ್ಲ. ಆ ಕಾಯಿಲೆಯಲ್ಲಿ ಒಮ್ಮೆ ಸವೆದ ಕೀಲು ಮತ್ತೆ ಮೊದಲಿನಂತೆ ಆಗುವುದಿಲ್ಲ. ಇದನ್ನು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ.

ಪೂರಕ ಚಿಕಿತ್ಸೆ ಅಂದರೆ ಔಷಧದ ಜೊತೆಗೆ ಮಾಡಿಸುವುದು. ಅದರ ಬದಲಿಗೆ ಮಾಡಿಸಿದರೆ ಅದು ಪರ್ಯಾಯ. ಹೆಸರಿನ ವ್ಯತ್ಯಾಸ ಸಣ್ಣದು, ಪರಿಣಾಮದ್ದು ದೊಡ್ಡದು. ವಾಸಿ ಮಾಡಬಹುದಾದ ಹಂತದ ಕ್ಯಾನ್ಸರ್ ಇದ್ದೂ ವೈದ್ಯಕೀಯ ಚಿಕಿತ್ಸೆ ಬಿಟ್ಟು ಬರೀ ಪರ್ಯಾಯದ ಮೊರೆ ಹೋದವರಲ್ಲಿ ಸಾವಿನ ಅಪಾಯ ಎರಡೂವರೆ ಪಟ್ಟು ಎಂದು 2018ರ ಒಂದು ಅಮೆರಿಕನ್ ಅಧ್ಯಯನ ಲೆಕ್ಕ ಹಾಕಿತು.

ಹಾಗಾಗಿ ಥೆರಪಿಸ್ಟರನ್ನು ಆರಿಸುವಾಗ ಅವರ ಕೈಗಿಂತ ಮೊದಲು ಮಾತನ್ನು ಗಮನಿಸಿ. ಅಮ್ಮ ಯಾವ ಮಾತ್ರೆ ತೆಗೆದುಕೊಳ್ಳುತ್ತಾರೆ, ಬೇರೆ ಏನು ಕಾಯಿಲೆ ಇದೆ ಎಂದು ಕೇಳುತ್ತಾರಾ? ನೋವಾದರೆ ಹೇಳಿ, ನಿಲ್ಲಿಸುತ್ತೇನೆ ಎನ್ನುತ್ತಾರಾ? ನೀವು ಜೊತೆಗೆ ಕೂರಬಹುದಾ? ಇದಕ್ಕೆಲ್ಲ ಹೌದು ಎಂದಾದರೆ ಮುಂದುವರಿಯಿರಿ. ಮಾತ್ರೆ ಬಿಡಿ ಎಂದರೆ ಆ ಕ್ಷಣವೇ ಎದ್ದು ಬನ್ನಿ. ಮರುದಿನ ನೋವು ಹೆಚ್ಚಾಯಿತು ಎಂದಾಗ, ಒಳ್ಳೆಯದೇ ಆಯಿತು, ವಿಷ ಹೊರಗೆ ಹೋಗುತ್ತಿದೆ ಎಂದು ಕೆಲವರು ಹೇಳುತ್ತಾರೆ. ನಂಬಬೇಡಿ. ನೋವು ಹೆಚ್ಚಾಯಿತು ಅಂದರೆ ಕೈಯ ಒತ್ತಡ ಜಾಸ್ತಿಯಾಗಿರಬಹುದು ಎಂದು ಅರ್ಥ. ಮೊದಲ ಸಲ 15-20 ನಿಮಿಷ ಸಾಕು. ಮರುದಿನ ಹೇಗಿದೆ ನೋಡಿ ಮುಂದಿನ ಮಾತು.

ಎಷ್ಟೇ ಮೃದುವಾದರೂ ಕೆಲವು ಕಡೆ ಕೈ ಹಾಕಬಾರದು. ಒಂದೇ ಕಾಲಿನ ಮೀನಖಂಡ ಊದಿ, ಬಿಸಿಯಾಗಿ ನೋಯುತ್ತಿದ್ದರೆ ಅದು ರಕ್ತ ಹೆಪ್ಪುಗಟ್ಟಿದ್ದಿರಬಹುದು. ತಿಕ್ಕಿದರೆ ಹೆಪ್ಪು ಕಿತ್ತುಕೊಂಡು ಶ್ವಾಸಕೋಶಕ್ಕೆ ಹೋಗಬಹುದು, ನೇರ ಆಸ್ಪತ್ರೆಗೆ ಹೋಗಿ. ಜ್ವರ ಇದ್ದಾಗ, ಗಾಯದ ಮೇಲೆ, ರೇಡಿಯೇಷನ್ ಆದ ಚರ್ಮದ ಮೇಲೆ ಬೇಡ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು, ಪ್ಲೇಟ್ಲೆಟ್ ಕಡಿಮೆ ಇರುವವರು, ಮೂಳೆ ಸವೆದವರು ಡಾಕ್ಟರನ್ನು ಕೇಳದೆ ಮಾಡಿಸಬಾರದು. ಮೃದುವಾದ ಮಸಾಜ್‌ನಿಂದ ಕ್ಯಾನ್ಸರ್ ಹರಡುತ್ತದೆ ಎಂಬ ಭಯಕ್ಕೆ ಆಧಾರ ಇಲ್ಲ. ಆದರೆ ಗಡ್ಡೆ ಇರುವ ಜಾಗವನ್ನು ಮುಟ್ಟುವುದು ಬೇಡ.

ಇನ್ನೊಂದು ಮಾತು, ಸ್ವಲ್ಪ ನಿರಾಸೆ ಆಗಬಹುದು. ಫೈಬ್ರೊಮಯಾಲ್ಜಿಯಾಗೆ 2017ರಲ್ಲಿ ಪ್ರಕಟವಾದ ಯುರೋಪಿನ ತಜ್ಞರ ಶಿಫಾರಸಿನಲ್ಲಿ ಗಟ್ಟಿಯಾದ ಒಪ್ಪಿಗೆ ಸಿಕ್ಕಿದ್ದು ವ್ಯಾಯಾಮ ಒಂದಕ್ಕೇ. ಮಸಾಜ್‌ಗೆ ಆ ಸ್ಥಾನ ಸಿಕ್ಕಿಲ್ಲ. ಬಹುಕಾಲದ ಸೊಂಟನೋವಿನ ಕತೆ ಬೇರೆ, 2023ರ ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿಯಲ್ಲಿ ಅದಕ್ಕೆ ಮಸಾಜ್ ಕೂಡ ಒಂದು ಆಯ್ಕೆ. ಅಮ್ಮನ ವಿಷಯದಲ್ಲಿ ನನ್ನ ಸಲಹೆ, ಕೈಯ ಥೆರಪಿಯನ್ನು ನಡಿಗೆಗೆ ದಾರಿ ಮಾಡಿಕೊಡುವ ಮೆಟ್ಟಿಲಾಗಿ ಬಳಸಿ. ಮೈ ಹಗುರವಾದ ದಿನ ಹತ್ತು ನಿಮಿಷ ನಡೆಯಲಿ. ಒಂದೆರಡು ವಾರಕ್ಕೆ ಒಂದೆರಡು ನಿಮಿಷ ಹೆಚ್ಚಿಸಿ.

ದುಡ್ಡು ಕೊಟ್ಟು ಹೋಗುವ ಮುಂಚೆ ಮನೆಯಲ್ಲೇ ಶುರು ಮಾಡಬಹುದು. ಅಮ್ಮನನ್ನು ಕೇಳಿ, ಈಗ ಮುಟ್ಟಲಾ ಎಂದು. ಬೇಡ ಎಂದರೆ ಬೇಡ. ನಿಮ್ಮ ಕೈ ಬೆಚ್ಚಗೆ ಮಾಡಿಕೊಳ್ಳಿ. ಮಣಿಕಟ್ಟಿನಿಂದ ಮೊಣಕೈವರೆಗೆ ಪೂರ್ತಿ ಅಂಗೈ ಇಟ್ಟು, ಮನಸ್ಸಿನಲ್ಲಿ ಆರರವರೆಗೆ ಎಣಿಸುತ್ತ ಒಂದು ಸಲ ನೇವರಿಸಿ. ಮತ್ತೆ ಮೊದಲಿನಿಂದ. ಹತ್ತು ನಿಮಿಷ ಸಾಕು, ಮಲಗುವ ಮುಂಚೆಯಾದರೆ ಇನ್ನೂ ಒಳ್ಳೆಯದು. ಫೋನ್ ಪಕ್ಕದ ಕೋಣೆಯಲ್ಲಿರಲಿ. ಬರೀ ಚರ್ಮ ತಡೆಯದಿದ್ದರೆ ಹೊದಿಕೆಯ ಮೇಲಿಂದಲೇ ಮಾಡಿ.

ಒಂದು ಪುಸ್ತಕದಲ್ಲಿ ದಿನಾ ಮೂರೇ ಸಂಗತಿ ಬರೆದಿಡಿ: ನಿದ್ದೆ ಎಷ್ಟು ಗಂಟೆ, ನೋವು ಹತ್ತಕ್ಕೆ ಎಷ್ಟು, ಇವತ್ತು ಅವರಿಂದ ಯಾವ ಕೆಲಸ ಆಯಿತು. ಹೊರಗೆ ಥೆರಪಿ ಮಾಡಿಸಿದರೆ ಆ ದಿನಕ್ಕೊಂದು ಗುರುತು ಹಾಕಿ. ಆರು ವಾರದ ನಂತರ ಪುಟ ತಿರುವಿ ನೋಡಿ. ಏನೂ ಬದಲಾಗಿಲ್ಲವಾದರೆ ಹೊರಗಿನ ಥೆರಪಿ ನಿಲ್ಲಿಸಿ. ರಾತ್ರಿಯ ಆ ಹತ್ತು ನಿಮಿಷವನ್ನು ನಿಲ್ಲಿಸಬೇಕಾ ಬೇಡವಾ ಎಂದು ಅಮ್ಮನೇ ಹೇಳಲಿ.